ಎರಡನೇ ಮಗ್ಗುಲು

ಟ್ರೆಡಲ್ ಕದಲಲಿಲ್ಲ. ಉಜ್ಜಪ್ಪ ಒಂದು ಕಡೆಯಿಂದ ಹೆಗಲು ಕೊಟ್ಟ, ಇನ್ನೊಂದು ಕಡೆಯಿಂದ ಓಣಿಯ ಗಂಡಸರು ಹಾರೆ ಹಾಕಿ ಮೀಟಿದರು. ಕಬ್ಬಿಣದ ಆ ಅಚ್ಚಿನ ಯಂತ್ರ ಪಡಸಾಲೆಯ ಕಲ್ಲಿನ ಮೇಲೆ ಒಂದು ಗೀರು ಬೀಳಿಸಿತೇ ಹೊರತು ಜಾಗ ಬಿಡಲಿಲ್ಲ.

"ಇದು ಒಳಗೆ ಬಂದಾಗ ಮನೆಗೆ ಬಾಗಿಲೇ ಇರ್ಲಿಲ್ರೀ," ಎಂದ ಉಜ್ಜಪ್ಪ ಬೆವರು ಒರೆಸಿಕೊಳ್ಳುತ್ತ. ಮೂವತ್ತು ವರ್ಷ ಆ ಯಂತ್ರ ತುಳಿದವನು ಅವನು. "ಮೊದಲು ಮಿಷಿನ್ ಬಂತು. ಚೌಕಟ್ಟು ಆಮೇಲೆ ಕೂತಿದ್ದು."

"ಹಂಗಾದ್ರೆ ಅವರನ್ನ ಎಲ್ಲಿ ಕೂರಿಸೋದಪ್ಪಾ?" ಮಹೇಶ್ವರಪ್ಪ ಕೇಳಿದ. ತೀರಿಕೊಂಡವನ ಹೆಂಡತಿಯ ಅಣ್ಣ. ಬೆಳಗಿನಿಂದ ಎಲ್ಲ ಅವನದೇ ಉಸ್ತುವಾರಿ. "ಮೈ ಸೆಟೆದ್ರೆ ಕಾಲು ಮಡಚಕ್ಕೆ ಬರಲ್ಲ."

ಅವನ ತಂಗಿ ನೀಲಾಂಬಿಕ ಒಳಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಮಿಷಿನ್ ಪಕ್ಕಾನೇ ಕೂರಿಸ್ರಿ," ಎಂದಳು. "ದಿನಾ ಕೂರ್ತಿದ್ದಿದ್ದೂ ಅಲ್ಲೇ."

ಹಾಗೆ ಪರಮಶಿವಪ್ಪನನ್ನು ಟ್ರೆಡಲಿನ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಪದ್ಮಾಸನ ಹಾಕಿಸಿ ಕೂರಿಸಿದರು. ಹಣೆಗೂ ತೋಳಿಗೂ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಬೆರಳ ತುದಿಗಳು ಮಾತ್ರ ತೊಳೆದಷ್ಟೂ ಕಪ್ಪಾಗಿಯೇ ಉಳಿದವು. ಅಚ್ಚಕ್ಷರದ ಸೀಸದ ಮೊಳೆ ಹಿಡಿದೂ ಹಿಡಿದೂ ಉಗುರಿನ ಸಂದಿಗೆ ಇಳಿದ ಮಸಿ ಅದು. ನೀಲಾಂಬಿಕ ಸೀಗೆಪುಡಿ ಹಾಕಿ ತಿಕ್ಕಿದ್ದಳು. ಆಮೇಲೆ, ಇರಲಿ, ಶಿವನೂ ನೋಡಲಿ ಎಂದು ಬಿಟ್ಟಿದ್ದಳು.

ಜಗಲಿಯ ಮೇಲೆ ಜನ ಸೇರುತ್ತಿದ್ದರು. ಭಜನೆಯವರು ತಾಳಗಳನ್ನು ಪಕ್ಕಕ್ಕಿಟ್ಟು ಚಾ ಕುಡಿಯುತ್ತಿದ್ದರು.

"ಕತೆ ಎಲ್ಲೀಗೆ ಬಂದು ನಿಂತಿತ್ತು?" ಬೆಲ್ಲದ ಮಂಡಿಯ ಗುರುಮಲ್ಲಪ್ಪ ಮೆಲ್ಲಗೆ ಕೇಳಿದ.

"ಮುದುಕ ಮಗಳ ಊರಿಗೆ ಹೊರಟಿದ್ದ. ಬಸ್ಸಿಗೆ ಕಾಯ್ತಿದ್ದ," ಎಂದ ತಾಳದವನು.

"ಮುಗಿಸಿ ಹೋಗಬಾರದಿತ್ತಾ? ಇನ್ನು ನಮ್ಮನೆಯಾಕೆ ನನ್ನ ತಲೆ ತಿಂತಾಳೆ."

"ನೀವೂ ಓದ್ತಿದ್ರಾ? ಆ ಹಾಳೆ ಬೆಲ್ಲ ಕಟ್ಟಕ್ಕೆ ಸರಿ ಅಂತಿದ್ರಿ."

"ಕಟ್ಟೋಕೆ ಮುಂಚೆ ಓದ್ತಿದ್ದೆ," ಎಂದ ಗುರುಮಲ್ಲಪ್ಪ, ಲೋಟದೊಳಗೆ ನೋಡುತ್ತ.

ಪರಮಶಿವಪ್ಪನ ಕಾದಂಬರಿಗಳು ಪುಸ್ತಕವಾಗಿ ಬರುತ್ತಿರಲಿಲ್ಲ, ಹಾಳೆಯಾಗಿ ಬರುತ್ತಿದ್ದವು. ಒಂದು ಹಾಳೆ, ಎರಡು ಮಡಿಕೆ, ಎಂಟು ಪುಟ. ಅಚ್ಚಿನವರು ಅದನ್ನು ಫಾರಂ ಎನ್ನುತ್ತಾರೆ. ಒಂದು ಫಾರಂ ಅಚ್ಚಾದೊಡನೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಮಾಳೇಶನ ಚೀಲ ಸೇರುತ್ತಿತ್ತು. ಅವನು ಟಿಕೆಟ್ ಹರಿದು ಕೊಡುತ್ತಲೇ, "ಕತೆ ಬಂದೈತಿ, ಯಾರಿಗೆ?" ಎಂದು ಕೂಗುತ್ತಿದ್ದ. ಕೊಂಡವರು ಮನೆಯಲ್ಲಿ ಹಾಳೆಯ ಮೇಲೆ ಹಾಳೆ ಇಟ್ಟು, ದಬ್ಬಣದಲ್ಲಿ ಹೊಲಿದು ಪುಸ್ತಕ ಮಾಡಿಕೊಳ್ಳುತ್ತಿದ್ದರು. ಬೆಂಗಳೂರಿನ ಪ್ರಕಾಶಕರಿಗೆ ಕಳಿಸ್ರಿ ಎಂದವರಿಗೆ ಪರಮಶಿವಪ್ಪ, "ಕಳಿಸೋಕೆ ಬರೆದಿದ್ದು ಎಲ್ಲೈತಿ?" ಎನ್ನುತ್ತಿದ್ದ. ನಿಜವೇ. ಅವನು ಕತೆಯನ್ನು ಕಾಗದದ ಮೇಲೆ ಬರೆದವನೇ ಅಲ್ಲ. ತಲೆಯಿಂದ ನೇರ ಮೊಳೆಗೆ. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಗೂಡುಗಳಿಗೆ ಹಾಕುತ್ತಿದ್ದ. ಇದ್ದ ಮೊಳೆ ನಾಲ್ಕು ಪುಟಕ್ಕೆ ಮಾತ್ರ ಸಾಲುತ್ತಿತ್ತು. ಈ ನಾಲ್ಕರ ಅಕ್ಷರ ಬಿಚ್ಚದೆ ಮುಂದಿನ ನಾಲ್ಕು ಹುಟ್ಟುವಂತಿರಲಿಲ್ಲ. ಮದುವೆ ಕಾಗದ, ರಸೀದಿ ಪುಸ್ತಕದ ಕೆಲಸವೆಲ್ಲ ಈಚೆಗೆ ಕಂಪ್ಯೂಟರಿನವರ ಪಾಲಾಗಿತ್ತು. ಅವನ ಪಾಲಿಗೆ ಕತೆಯೊಂದೇ ಉಳಿದಿತ್ತು.

ಬಿಸಿಲೇರುವ ಹೊತ್ತಿಗೆ ಮಾಳೇಶನ ಬಸ್ಸು ಓಣಿಯ ತಿರುವಿನಲ್ಲೇ ನಿಂತಿತು. ಮುಂಜಾನೆ ಸೊರಬಕ್ಕೆ ಸುದ್ದಿ ಒಯ್ದವನು ಅವನೇ. ಮೊದಲು ಇಳಿದವಳು ಬಿಂದುಶ್ರೀ, ಪರಮಶಿವಪ್ಪನ ಒಬ್ಬಳೇ ಮಗಳು, ಸೊರಬದ ಕಚೇರಿಯೊಂದರಲ್ಲಿ ಟೈಪಿಸ್ಟ್. ಅವಳ ಹಿಂದೆ ಕಂಬಳಿ ಹೊದ್ದ ಒಬ್ಬ ಮುದುಕಿ ಕಂಬಿ ಹಿಡಿದು ಇಳಿದಳು.

ಮಹೇಶ್ವರಪ್ಪ ಮೆಟ್ಟಿಲ ಎಡಬದಿಯಲ್ಲಿ ನಿಂತಿದ್ದ. "ಈಗ ದಾರಿ ಗೊತ್ತಾಯ್ತಾ ತಾಯಿ ಮನೇದು?"

ಬಿಂದುಶ್ರೀ ತಿರುಗದೆ ಮೆಟ್ಟಿಲು ಹತ್ತಿದಳು.

"ನೋಡಿದ್ರಾ ಗತ್ತು?" ಎಂದ ಅವನು.

"ಆ ಕಿವಿ ಕೇಳಲ್ಲ ಅವರಿಗೆ," ಬಲಬದಿಯ ಹೆಂಗಸೊಬ್ಬಳು ಪಕ್ಕದವಳಿಗೆ ಪಿಸುಗುಟ್ಟಿದಳು. "ಕತೇಲಿ ಬಂದಿತ್ತಲ್ಲ."

ಅದು ಬಿಂದುಶ್ರೀಗೆ ಕೇಳಿಸಿತು. ಅವಳು ಒಂದು ಗಳಿಗೆ ಮೆಟ್ಟಿಲ ಮೇಲೆ ನಿಂತು, ಒಳಗೆ ಹೋದಳು. ಅಪ್ಪನ ಹಣೆಯ ವಿಭೂತಿಯ ಮೇಲೆ ವಿಭೂತಿ ಹಚ್ಚಿದಳು. ಆಮೇಲೆ, ಯಾರೂ ಹೇಳದೆ, ಅಪ್ಪನ ಎಡಗಡೆಗೆ ಹೋಗಿ ಕೂತಳು.

*

ಆ ಜಾಗ ಅವಳದೇ. ಚಿಕ್ಕವಳಿದ್ದಾಗ ಅಲ್ಲೊಂದು ಸ್ಟೂಲು ಇರುತ್ತಿತ್ತು. ಅಪ್ಪನ ಎಡಕ್ಕೆ ಕೂತರೆ ಅವಳ ಬಲಗಿವಿ ಅಪ್ಪನ ಬಾಯಿಗೆ ಹತ್ತಿರ. ಎಡಗಿವಿ ಮಗುವಾಗಿದ್ದಾಗ ಬಂದ ಜ್ವರದಲ್ಲಿ ಹೋಗಿತ್ತು. ಅದು ಮನೆಯವರಿಗೂ ಸೋದರಮಾವನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಯಾವತ್ತೂ ದನಿ ಏರಿಸಿದವನಲ್ಲ. ಮಾತಾಡಬೇಕಾದರೆ ಸುತ್ತಿ ಬಂದು ಅವಳ ಬಲಕ್ಕೆ ನಿಲ್ಲುತ್ತಿದ್ದ.

ಕತೆ ಕಟ್ಟುವಾಗ ಅಪ್ಪ ಗೊಣಗುತ್ತಿದ್ದ. ಒಂದು ಸಾಲು ಬಾಯಲ್ಲಿ ಹೊರಳುತ್ತಿತ್ತು, ಬೆರಳು ಗೂಡಿನಿಂದ ಗೂಡಿಗೆ ಹಾರಿ ಮೊಳೆ ಹೆಕ್ಕುತ್ತಿತ್ತು, ಎಲ್ಲ ಅಕ್ಷರವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು.

"ಬರೆದು ಇಟ್ಕೊಂಡು ಜೋಡಿಸಿದ್ರೆ ಬೇಗ ಆಗಲ್ವಾ ಅಪ್ಪಾಜಿ?"

"ಬರೆದ್ರೆ ಕೈ ಓಡ್ತತಿ. ಒಂದೊಂದೇ ಮೊಳೆ ಹೆಕ್ಕಿ ಸುಳ್ಳು ಹೇಳಕ್ಕೆ ಬೇಜಾರು ನೋಡು."

ಖಾಲಿ ಜಾಗಕ್ಕೂ ಮೊಳೆ ಇರುತ್ತದೆಂದು ಅವಳಿಗೆ ತಿಳಿದದ್ದು ಅಲ್ಲಿಯೇ. ಪದಕ್ಕೂ ಪದಕ್ಕೂ ನಡುವೆ, ಸಾಲಿನ ಕೊನೆಯಲ್ಲಿ, ಅಧ್ಯಾಯ ಮುಗಿದ ಮೇಲೆ ಉಳಿವ ಬಿಳಿಯಲ್ಲಿ, ಎಲ್ಲ ಕಡೆಯೂ ಮೇಲೆ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ತುಂಬಬೇಕು. ಇಲ್ಲದಿದ್ದರೆ ಪುಟ ನಿಲ್ಲುವುದಿಲ್ಲ, ಕುಸಿಯುತ್ತದೆ.

ಅವಳ ಮದುವೆಯ ದಿನ ಗಂಡಿನ ಕಡೆಯ ಮುದುಕಿಯೊಬ್ಬಳು ಎಡಗಡೆಯಿಂದ ಏನೋ ಕೇಳಿದಳಂತೆ. ಉತ್ತರ ಬರಲಿಲ್ಲ. "ಹುಡುಗಿಗೆ ಕಿವಿ ಸರಿ ಐತೇನ್ರಪ್ಪಾ?" ಎಂದು ನಗೆಯಾಡಿದರೆ, ಮಹೇಶ್ವರಪ್ಪ ತಟ್ಟೆಯ ವಿಭೂತಿ ಮುಟ್ಟಿ, "ಯಾವ ಊನವೂ ಇಲ್ಲ," ಎಂದುಬಿಟ್ಟ. ಅದು ಅವಳ ಬಲಗಿವಿಗೆ ಬಿತ್ತು. ಹಸೆಮಣೆಯಿಂದ ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ. ಎರಡು ದಿನ ಬಿಟ್ಟು ಅಪ್ಪನೊಬ್ಬನಿಗೆ ಹೇಳಿದಳು: "ವಿಭೂತಿ ಮುಟ್ಟಿ ಆಡಿದ ಸುಳ್ಳಿನ ಮೇಲೆ ಹೆಂಗೆ ಕೂರಲಿ ಅಪ್ಪಾಜಿ?"

ಊರು ತನಗೆ ತೋಚಿದ ಕಾರಣ ಕಟ್ಟಿತು. ಯಾರೋ ಇದ್ದಾನಂತೆ ಎಂದರು. ಆ ಮಾತು ಪರಮಶಿವಪ್ಪನ ಮೈ ಸುಟ್ಟಿತು. ಅವನಿಗೆ ಗೊತ್ತಿದ್ದ ದಾರಿ ಒಂದೇ. ಹಸೆಮಣೆಯಿಂದ ಎದ್ದ ಹುಡುಗಿಯ ಕತೆ ಮೊಳೆಗೆ ಬಂತು, ಎಡಗಿವಿಯೂ ಬಂತು, ವಿಭೂತಿಯೂ ಬಂತು. ಹುಡುಗಿಯ ಹೆಸರೊಂದು ಬೇರೆ.

ಬಿಂದುಶ್ರೀ ಆಗತಾನೆ ಸೊರಬದ ಕೆಲಸಕ್ಕೆ ಓಡಾಡತೊಡಗಿದ್ದಳು. ಬಸ್ಸಿನಲ್ಲಿ ಮುಂದಿನ ಸೀಟಿನವಳು ಪಕ್ಕದವಳಿಗೆ ಆ ಫಾರಂ ಓದಿ ಹೇಳುತ್ತಿದ್ದಳು. ಓದಿ ಮುಗಿಸಿ ಹಿಂದೆ ತಿರುಗಿ ಇವಳನ್ನೇ ನೋಡಿದಳು. ಎದ್ದು ಬಂದು ಇವಳ ಎಡಕ್ಕೆ ನಿಂತು ತುಟಿ ಆಡಿಸಿದಳು. ಕೇಳಿಸುತ್ತದೋ ಇಲ್ಲವೋ ನೋಡಲು. ಬಸ್ಸೆಲ್ಲ ನೋಡುತ್ತಿತ್ತು.

ಸಂಜೆ ಮನೆಗೆ ಬಂದು ಕೇಳಿದಳು. "ನನ್ನನ್ನ ಒಂದು ಮಾತು ಕೇಳಿದ್ರಾ?"

"ನಿನ್ನ ಮೇಲಿದ್ದ ಮಾತು ತೊಳೀಲಿ ಅಂತ, ಬಿಂದು..."

"ನಾನು ಹೇಳಿದ್ದು ನಿಮಗೆ. ನಿಮ್ಮ ಮೊಳೆಗಲ್ಲ."

ಮಾರನೆಯ ದಿನ ಸೊರಬದಲ್ಲಿ ಒಂದು ಕೋಣೆ ಹಿಡಿದಳು. ಅವ್ವ ಹಬ್ಬಕ್ಕೆ ರೊಟ್ಟಿ ಕಟ್ಟಿಕೊಂಡು ಹೋಗಿ ಬರುತ್ತಿದ್ದಳು. ಅಪ್ಪನ ಮಾತು ಬಂದರೆ ಇವಳು ಸುಮ್ಮನೆ ಎಡಗಿವಿ ಆ ಕಡೆ ಮಾಡುತ್ತಿದ್ದಳು.

*

ಕಂಬಳಿ ಹೊದ್ದ ಮುದುಕಿ ಪರಮಶಿವಪ್ಪನ ಪಾದ ಮುಟ್ಟಿ ನಮಸ್ಕರಿಸಿ, ಹಿಂದಕ್ಕೆ ಸರಿದು ಉಜ್ಜಪ್ಪನ ಹತ್ತಿರ ಕೂತಳು.

"ನೀವು ಯಾರ ಪೈಕಿ ಅಮ್ಮಾ?" ಎಂದು ಮಹೇಶ್ವರಪ್ಪ ಕೇಳಿದ.

"ಯಾರ ಪೈಕಿಯೂ ಅಲ್ಲ. ಲೋಕಮ್ಮ ಅಂತ, ಗುಡವಿಯೋಳು. ಕುರಿ ಪಕ್ಕದ ಮನೆಯೋರಿಗೆ ಒಪ್ಪಿಸಿ ಬಂದೀನಿ. ಇವರ ಕತೆ ಓದೋಳು ನಾನು." ಆಮೇಲೆ ಉಜ್ಜಪ್ಪನ ಕಡೆ ಬಗ್ಗಿದಳು. "ಕೇಳಬಾರದು, ಆದ್ರೂ ಕೇಳ್ತೀನಿ. ಕಡೇ ಹಾಳೆ ಆಗದ್ಯಾ ಅಪ್ಪಾ?"

"ಒಂದು ಮಗ್ಗುಲು ಆಗೈತಿ," ಎಂದ ಉಜ್ಜಪ್ಪ.

"ಹಂಗಂದ್ರೆ?"

ಉಜ್ಜಪ್ಪ ಎದ್ದು ಕಪಾಟಿನಿಂದ ಹಾಳೆಯೊಂದನ್ನು ತಂದ. ಒಂದು ಕಡೆ ನಾಲ್ಕು ಪುಟ ಅಚ್ಚಾಗಿದ್ದವು. ತಿರುಗಿಸಿದರೆ ಬಿಳಿ. "ಹಾಳೇಗೆ ಎರಡು ಮಗ್ಗುಲು. ಈ ಕಡೆ ಒಂದು, ನಾಲ್ಕು, ಐದು, ಎಂಟನೇ ಪುಟ. ಆ ಕಡೆ ಎರಡು, ಮೂರು, ಆರು, ಏಳು. ಶ್ರಾವಣದಾಗ ಇದನ್ನ ಹೊಡೆದ್ವಿ. ಎರಡನೇ ಮಗ್ಗುಲು ಇರ್ಲಿ ಉಜ್ಜಪ್ಪ ಅಂದ್ರು. ದಸರೆ ಹೋತು, ದೀಪಾವಳಿ ಹೋತು. ಒಂದು ಸಾಲು ಜೋಡಿಸೋರು, ನೋಡೋರು, ಬಿಚ್ಚೋರು."

ಬಿಂದುಶ್ರೀ ಕೈ ಚಾಚಿದಳು. ಅವಳ ಕೈಗೆ ಮಡಿಕೆ ಮರೆತಿರಲಿಲ್ಲ. ಅಡ್ಡ ಒಂದು, ಉದ್ದ ಒಂದು. ಪುಟಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಮೊದಲ ಪುಟದಲ್ಲಿ ಮುದುಕ ಬಸ್ಸಿಳಿಯುತ್ತಾನೆ. ಎರಡು, ಮೂರು ಖಾಲಿ. ನಾಲ್ಕು, ಐದರಲ್ಲಿ ಅವನು ಮಗಳ ಬಾಗಿಲು ತಟ್ಟುತ್ತಾನೆ. ಅವಳು ತೆರೆಯುತ್ತಾಳೆ. ಅವನು ಸುತ್ತಿ ಬಂದು ಅವಳ ಬಲಕ್ಕೆ ನಿಲ್ಲುತ್ತಾನೆ. "ಮುದುಕ ಗಂಟಲು ಸರಿಮಾಡಿಕೊಂಡ," ಎಂಬಲ್ಲಿಗೆ ಐದನೇ ಪುಟ ಮುಗಿಯುತ್ತದೆ. ಆರು, ಏಳು ಖಾಲಿ. ಎಂಟರಲ್ಲಿ ಮುದುಕ ವಾಪಸು ಬಸ್ಸಿನಲ್ಲಿದ್ದಾನೆ, ಕಿಟಕಿಯ ಪಕ್ಕ. ಟಿಕೆಟನ್ನು ಮಡಚಿ ಮಡಚಿ ಅಕ್ಕಿಕಾಳಿನಷ್ಟು ಮಾಡಿದ್ದಾನೆ. "ಕತ್ತಲಾಗುವುದರೊಳಗೆ ಊರು ಬಂತು," ಎಂದು ಕತೆ ಮುಗಿಯುತ್ತದೆ.

ಅವಳು ಖಾಲಿ ಪುಟಗಳನ್ನು ಮತ್ತೆ ತಿರುಗಿಸಿ ನೋಡಿದಳು.

"ಏನಂದ ಅವನು?" ಲೋಕಮ್ಮ ಕೇಳಿದಳು.

"ಇಲ್ಲಿಲ್ಲ ಅಮ್ಮಾ."

"ಅದೇ ಬೇಕಾಗಿತ್ತು ತಂಗೀ." ಮುದುಕಿ ಕಂಬಳಿಯ ಅಂಚು ತಿರುವಿದಳು. "ನಮ್ಮನೇಲೂ ಒಬ್ಬ ಮಾತು ಬಿಟ್ಟು ಹೋಗಿದಾನೆ. ನನ್ನ ಮಗ. ಚಂದ್ರಗುತ್ತೀಲಿ ಹೆಂಡತಿ ಮಕ್ಕಳ ಸಂಗಡ ಅದಾನೆ. ತಪ್ಪು ನಂದೇ. ಈ ಮುದುಕ ಏನಂತಾನೆ ಅಂತ ಗೊತ್ತಾದ್ರೆ ನಾನೂ ಹೋಗಿ ಅದನ್ನೇ ಅಂತಿದ್ದೆ."

ಬಾಗಿಲಿಗೆ ಒರಗಿ ನಿಂತಿದ್ದ ಮಾಳೇಶ ಕೆಮ್ಮಿದ. "ಬಿಂದಕ್ಕಾ, ಒಂದು ಮಾತು. ಅಪ್ಪಾರು ನನ್ನ ಬಸ್ಸಿಗೆ ಬರೋರು. ಸೊರಬದಾಗ ಇಳಿದು, ಬಸ್ ಸ್ಟಾಂಡಿನಾಗೆ ಒಂದು ಚಾ ಕುಡಿದು, ನಿಮ್ಮ ಕಚೇರಿ ರಸ್ತೆ ಕಡೆ ನೋಡ್ತಾ ಕೂರೋರು. ನಾ ಸೀಟಿ ಊದಿದ್ರೆ ಮತ್ತೆ ನನ್ನ ಬಸ್ಸೇ ಹತ್ತೋರು."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲಕ್ಕಾ. ಬಸ್ಸಿನ ಕತಿ ಬರೀಬೇಕು, ಅದಕ್ಕೆ ಅನ್ನೋರು."

ಕಚೇರಿ ಬಸ್ ಸ್ಟಾಂಡಿನಿಂದ ಕೂಗಳತೆ ದೂರ. ಬಿಂದುಶ್ರೀ ಅಪ್ಪನ ಮಸಿ ಬೆರಳುಗಳನ್ನು ನೋಡುತ್ತ ಕೂತಳು.

"ಇನ್ನೊಂದು ಐತಿ," ಎಂದ ಉಜ್ಜಪ್ಪ. ಟ್ರೆಡಲಿನ ಹಿಂದಿನ ಕಲ್ಲುಹಾಸಿನ ಮೇಲೆ ಕಬ್ಬಿಣದ ಚೌಕಟ್ಟೊಂದು ಬಟ್ಟೆ ಮುಚ್ಚಿಕೊಂಡಿತ್ತು. "ನಿನ್ನೆ ನನ್ನ ಕರೆದು, ಎರಡನೇ ಮಗ್ಗುಲು ಕಟ್ಟಿ ಬಿಗಿದೀನಿ ಅಂದ್ರು. ನಾಳೆ ತುಳಿಯೋಣ ಅಂದ್ರು. ನಾಳೆಗೆ ಅವರೇ ಇಲ್ಲ."

ಬಿಂದುಶ್ರೀ ಎದ್ದು ಬಟ್ಟೆ ಸರಿಸಿದಳು. ಪುಟ ತುಂಬ ಮೊಳೆ ಕೂತಿತ್ತು. ಚೌಕಟ್ಟು ಎತ್ತಿದರೆ ಬೇರೆ ಪುಟಗಳಷ್ಟೇ ಭಾರ. ಆದರೆ ಅಕ್ಷರ ಇರಲಿಲ್ಲ. ಸಾಲು ಸಾಲಾಗಿ, ಎಂದಿನ ಅಳತೆಯಲ್ಲಿ, ಖಾಲಿ ಸೀಸ. ಬೆರಳಾಡಿಸಿದರೆ ಬರೀ ನುಣುಪು. ನಾಲ್ಕು ಪುಟದ ತಲೆಯ ಮೇಲೂ ಪುಟಸಂಖ್ಯೆ ಮಾತ್ರ ಇತ್ತು.

"ಅಕ್ಷರ ಎಲ್ರೀ ಅಂತ ಕೇಳಿದೆ," ಎಂದ ಉಜ್ಜಪ್ಪ. "ಒಂದು ಸಲ ನಾನೇ ಎಲ್ಲ ಹೇಳಿ ಕೆಡಿಸಿದೀನಿ, ಈ ಸಲ ಇಷ್ಟೇ ಉಜ್ಜಪ್ಪ ಅಂದ್ರು."

*

ಅಯ್ಯನವರು ಬಂದರು. ತಾಳ ಎದ್ದವು. ಬಾಳೆಕಂಬ, ಚೆಂಡುಹೂ ಕಟ್ಟಿದ ಚಟ್ಟದ ಮೇಲೆ ಪರಮಶಿವಪ್ಪ ಕೂತೇ ಹೊರಟ. ಬಾಗಿಲು ಚಿಕ್ಕದಾಯಿತು, ತಲೆ ತಗುಲದ ಹಾಗೆ ಗುರುಮಲ್ಲಪ್ಪ ಮುಂದೆ ನಿಂತು ಅಂಗೈ ಅಡ್ಡ ಹಿಡಿದ. ಪೇಟೆ ದಾಟುವಾಗ ಅಂಗಡಿಯವರು ಎದ್ದು ನಿಂತರು. ಕೆಲವರ ಕೈಯಲ್ಲಿ ಆ ಹಾಳೆಯಲ್ಲೇ ಕಟ್ಟಿದ ಪೊಟ್ಟಣ ಇದ್ದಿರಬಹುದು.

ಗುಂಡಿಯೊಳಗೆ ಗೂಡು ಕೊರೆದು ತಯಾರಾಗಿತ್ತು. ಅಯ್ಯನವರು ಇಳಿದು, ವಿಭೂತಿ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಸುತ್ತ ಇಟ್ಟು, ಕಿವಿಯ ಹತ್ತಿರ ಬಗ್ಗಿ ಮಂತ್ರ ಹೇಳಿದರು. ಮೇಲೆ ಬಂದು, "ಮಗಳು ಪತ್ರೆ ಹಾಕಲಿ," ಎಂದರು.

ಬಿಂದುಶ್ರೀ ಇಳಿದಳು. ಪತ್ರೆ ಹಾಕಿದವಳು ಅಯ್ಯನವರಂತೆಯೇ ಬಗ್ಗಿ, ಅಪ್ಪನ ಕಿವಿಗೆ ಬಾಯಿಟ್ಟಳು. ತಾಳದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮಹೇಶ್ವರಪ್ಪ ಅಂಚಿನಲ್ಲಿ ನಿಂತು ಬಗ್ಗಿ ನೋಡಿದ, ಆಮೇಲೆ ಮುಖ ತಿರುಗಿಸಿದ. ಅವಳು ಬಹಳ ಹೊತ್ತು ಬಗ್ಗಿಯೇ ಇದ್ದಳು. ಅಯ್ಯನವರು ಅವಸರ ಮಾಡಲಿಲ್ಲ.

*

ಮನೆಗೆ ಬಂದು ಸ್ನಾನ ಮಾಡಿ, ದೀಪ ನೋಡಿ, ಎಲ್ಲರೂ ಒಂದೊಂದು ತುತ್ತು ತಿಂದಾಗ ಹೊತ್ತು ಇಳಿಯುತ್ತಿತ್ತು. ಮಾಳೇಶ ಬಸ್ಸು ತರಲು ಹೋಗಿದ್ದ. ಲೋಕಮ್ಮ ಜಗಲಿಯಲ್ಲಿ ಕೂತು ಕಾಯುತ್ತಿದ್ದಳು.

ಬಿಂದುಶ್ರೀ ಚೌಕಟ್ಟಿನ ಮುಂದೆ ನಿಂತಿದ್ದಳು. ಉಜ್ಜಪ್ಪ ಮೆಲ್ಲಗೆ ಹೇಳಿದ: "ಬಿಂದವ್ವಾ, ಮೊಳೆ ಗೂಡಿನಾಗೈತಿ. ನಿಮಗೆ ಜೋಡಿಸಕ್ಕೆ ಬರ್ತತಿ. ಅಪ್ಪಾರು ಏನಂತಿದ್ರು ಅಂತ ನಿಮ್ಮಷ್ಟು ಬಲ್ಲೋರು ಯಾರು? ನೀವೇ ತುಂಬ್ರಿ. ಜನ ಕಾಯ್ತಾರೆ."

ಅವಳು ಒಂದು ಖಾಲಿ ತುಂಡನ್ನು ಚಿಮಟದಿಂದ ಮೇಲಕ್ಕೆತ್ತಿದಳು. ಆ ಸಂದು ಕಪ್ಪಾಗಿ ಕಂಡಿತು. ಇನ್ನೊಂದು ಕೈ ತಾನಾಗಿ ಗೂಡುಗಳ ಕಡೆ ಹೋಯಿತು. ಅದು ಇಷ್ಟು ವರ್ಷದ ಮೇಲೂ ‘ಮ’ ಇರುವ ಗೂಡಿಗೇ ಹೋಗಿ ನಿಂತಿತು. ಅಲ್ಲಿ ಸ್ವಲ್ಪ ಹೊತ್ತು ಬೆರಳು ಆಡಿತು. ಆಮೇಲೆ ಕೈ ಬರಿದಾಗಿಯೇ ಹಿಂದಕ್ಕೆ ಬಂತು. ಎತ್ತಿದ ತುಂಡನ್ನು ಅದರ ಜಾಗಕ್ಕೆ ಒತ್ತಿದಳು.

"ಹಿಂಗೇ ತುಳೀರಿ ಉಜ್ಜಪ್ಪಣ್ಣ. ಹಾಳೆ ನಾನು ಕೊಡ್ತೀನಿ."

"ಇವತ್ತೇ ಮಿಷಿನ್ ಮುಟ್ಟೋದಾ?" ಒಳಗಿನಿಂದ ಮಹೇಶ್ವರಪ್ಪ ಎದ್ದು ಬಂದ. "ಮಣ್ಣು ಮಾಡಿ ಬಂದ ಕೈ ಇನ್ನೂ ಒಣಗಿಲ್ಲ. ಜನ ಏನಂತಾರೆ?"

"ಲಿಂಗ ಕಟ್ಟಿದ ಮೈಗೆ ಸೂತಕ ಎಲ್ಲೀದು ಅಣ್ಣಾ," ಎಂದಳು ನೀಲಾಂಬಿಕ. ದೀಪದ ಬತ್ತಿ ಸರಿಮಾಡುತ್ತಿದ್ದವಳು ತಲೆ ಎತ್ತಲಿಲ್ಲ. "ವಿಭೂತಿ ಮುಟ್ಟಿ ಹೇಳೋ ಮಾತು ನಿಜ ಇರಬೇಕು, ಅಷ್ಟೇ."

ಮಹೇಶ್ವರಪ್ಪ ಹೆಗಲ ವಸ್ತ್ರ ತೆಗೆದು ಕೊಡವಿ, ಮತ್ತೆ ಹೊದ್ದುಕೊಂಡು, ಹಿತ್ತಿಲ ಕಡೆ ಹೋದ.

ಟ್ರೆಡಲ್ ಉಸಿರೆಳೆದ ಹಾಗೆ ಒಮ್ಮೆ ನರಳಿ ಎಂದಿನ ಲಯಕ್ಕೆ ಬಂತು. ಬಿಂದುಶ್ರೀ ಬಲಗೈಯಿಂದ ಹಾಳೆ ಕೊಟ್ಟು ಎಡಗೈಯಿಂದ ತೆಗೆದಳು. ಬಂದ ಹಾಳೆಯ ಬಿಳಿ ಮಗ್ಗುಲಲ್ಲಿ ನಾಲ್ಕು ಅಂಕಿ ಮಾತ್ರ ಹಸಿಹಸಿಯಾಗಿ ಹೊಳೆಯುತ್ತಿದ್ದವು. ಒಣಗಲು ಬಿಟ್ಟು, ಮಡಚಿ, ಮೇಲಿನ ಮಡಿಕೆಯನ್ನು ಚಾಕುವಿನಿಂದ ಸೀಳಿ, ಜಗಲಿಗೆ ತಂದು ಲೋಕಮ್ಮನ ಕೈಗಿಟ್ಟಳು.

"ಕಡೇದು, ಅಮ್ಮಾ. ಅಪ್ಪಾಜಿ ಹೇಳದ್ದು ಒಳಗಿಲ್ಲ."

ಲೋಕಮ್ಮ ಕನ್ನಡಕ ಏರಿಸಿದಳು. ಸಾಲಿನ ಕೆಳಗೆ ತೋರುಬೆರಳು ಇಟ್ಟು, ಅಕ್ಷರ ಕೂಡಿಸಿ ಕೂಡಿಸಿ, ತನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಓದತೊಡಗಿದಳು. ಮುದುಕ ಬಸ್ಸಿಳಿದ. ಪುಟ ತಿರುಗಿಸಿದಳು. ಎರಡನೇ ಪುಟದ ಅಂಕಿಯನ್ನು ಓದಿ, ಆ ಎರಡು ಪುಟಗಳನ್ನು ದಾರಿಯಂತೆ ದಾಟಿದಳು. ಮುದುಕ ಬಾಗಿಲು ತಟ್ಟಿದ. ಮಗಳು ತೆರೆದಳು. ಅವನು ಗಂಟಲು ಸರಿಮಾಡಿಕೊಂಡ.

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಲೋಕಮ್ಮ ಏಳಲಿಲ್ಲ. ಆರನೇ ಪುಟ ತೆರೆದಿತ್ತು. ಅವಳ ಬೆರಳು ಖಾಲಿ ಪುಟದ ಮೇಲೆಯೂ ಎಡದಿಂದ ಬಲಕ್ಕೆ ಸಾಲು ಹಿಡಿದು ನಡೆಯಿತು. ಕೊನೆ ಮುಟ್ಟಿ, ಕೆಳಗಿಳಿದು, ಮತ್ತೆ ಎಡದಿಂದ ಹೊರಟಿತು. ತುಟಿಗಳು ಆಡುತ್ತಲೇ ಇದ್ದವು.

ಬಿಂದುಶ್ರೀ ಸುತ್ತಿ ಬಂದು ಅವಳ ಎಡಗಡೆಗೆ ಕೂತಳು, ಬಲಗಿವಿಯನ್ನು ಆ ತುಟಿಗಳ ಹತ್ತಿರ ತಂದು.